ಹಳೆಯ ಗಾಜಿನ ಮನೆಯ ಜೀರ್ಣೋದ್ಧಾರ

ಗಾಜಿನ ಮನೆಯೆಂದೊಡನೆ ಅರಮನೆಯ ಉದ್ಯಾನವೋ ದೊರೆಗಳ ಬಂಗಲೆಯೋ ಕಣ್ಣಿಗೆ ಕಟ್ಟುವುದು ಸಹಜ. ಸಸಿಗಳಿಗೆಂದು ಗಾಜಿನ ಮನೆಯನ್ನು ಕಟ್ಟಿಸುವುದು ಸಾಮಾನ್ಯ ಸಂಸಾರಿಗಳ ಕೈಗೆ ನಿಲುಕುವ ಮಾತಲ್ಲವೆಂದೇ ಬಹುಮಂದಿಯ ಭಾವನೆ. ಹೊಸ ಸಾಮಗ್ರಿಯನ್ನೇ ಕೊಂಡು ಕಟ್ಟಿಸುವುದಾದರೆ ಈ ಭಾವನೆ ತಪ್ಪೂ ಅಲ್ಲ. ಆದರೆ ಊರೂರಿನಲ್ಲಿಯೂ ಹಳೆಯ ಮನೆಗಳನ್ನು ಕೆಡವಿ ಹೊಸವನ್ನು ಎಬ್ಬಿಸುತ್ತಿರುವ ಈ ಕಾಲದಲ್ಲಿ ಗಾಜಿನ ಕಿಟಕಿಗಳು, ಕಚೇರಿಗಳ ಅಲ್ಯೂಮಿನಿಯಂ ಅಡ್ಡಗೋಡೆಗಳು, ಹೊದಿಕೆ ಹರಿದು ಎಲುಬಿನ ಗೂಡಿನಂತೆ ನಿಂತ ಹಸುರುಮನೆಗಳ ಕೊಳವೆಗಳು, ಇವೆಲ್ಲವೂ ಗುಜರಿ ಅಂಗಡಿಗೆ ಬಂದು ಬೀಳುತ್ತಿವೆ. ಅವುಗಳಿಂದ ಒಂದು ಸಣ್ಣ ಗಾಜಿನ ಮನೆಯನ್ನು ಎತ್ತಿ ನಿಲ್ಲಿಸುವುದು ಬಡಗಿಯೊಬ್ಬನ ನೆರವಿರುವ ಯಾವ ಮನೆಯವರಿಗೂ ಅಸಾಧ್ಯವಲ್ಲ. ಬೇಕಾದುದು ತಾಳ್ಮೆ, ಅದಕ್ಕಿಂತಲೂ ಹೆಚ್ಚಾಗಿ, ಹಣವನ್ನು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಕೂಡದು ಎಂಬ ವಿವೇಚನೆ.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಸೇರಿದ ಅಂತರಘಟ್ಟೆಯಂತಹ ಊರಿನ ಹಿತ್ತಿಲಿಗೆ ಇಂತಹ ಮನೆಯಿಂದ ಪ್ರಯೋಜನವುಂಟೆ ಎಂದು ಕೇಳುವವರುಂಟು. ಈ ಸೀಮೆಯ ಒಂದು ಮಗ್ಗುಲಿಗೆ ಮಲೆನಾಡಿನ ಬೆಟ್ಟಗಳು; ಇನ್ನೊಂದು ಮಗ್ಗುಲಿಗೆ ಬಯಲುಸೀಮೆ. ಬೇಸಗೆಯಲ್ಲಿ ಬಿಸಿಲು ಎಳೆಯ ಸಸಿಯನ್ನು ಸುಡುತ್ತದೆ. ಮುಂಗಾರಿನಲ್ಲಿ ಬಿರುಮಳೆ ಪಾತಿಯ ಮಣ್ಣನ್ನು ಕೊಚ್ಚಿ ಮೊಳಕೆಯನ್ನು ಮಲಗಿಸುತ್ತದೆ. ಮಳೆಯ ನಡುವೆ ಟೊಮೇಟೊ, ಬದನೆ, ಮೆಣಸಿನಕಾಯಿಯ ಸಸಿ ಎಬ್ಬಿಸಬೇಕೆನ್ನುವವರಿಗೆ ಬುಡಕೊಳೆಯ ಕಾಟ ಹೊಸದಲ್ಲ. ಕಾಳುಮೆಣಸಿನ ಬಳ್ಳಿಯ ತುಂಡುಗಳನ್ನು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಚೀಲಗಳಿಗೆ ಊರಿ, ಬೇರು ಬಿಟ್ಟ ಮೇಲೆ ಮುಂಗಾರಿಗೆ ತೋಟದಲ್ಲಿ ನೆಡುವ ವಾಡಿಕೆಯಿದೆ. ಆ ಮೂರು ತಿಂಗಳು ತುಂಡುಗಳಿಗೆ ಬೇಕಾದುದು ತೇವವುಳ್ಳ ಗಾಳಿ ಮತ್ತು ನೆರಳು. ಅಡಿಕೆಯ ಎಳೆಸಸಿಯೂ ನೇರ ಬಿಸಿಲನ್ನು ತಾಳಲಾರದು. ಹೀಗೆ, ಮಳೆಯನ್ನು ತಡೆದು ಬೆಳಕನ್ನು ಬಿಡುವ, ಬಿಸಿಲನ್ನು ಹದಗೊಳಿಸಿ ತೇವವನ್ನು ಕಾಯುವ ಒಂದು ಪುಟ್ಟ ಮನೆ ಈ ಸೀಮೆಯಲ್ಲಿ ವರ್ಷದ ಬಹುಭಾಗ ಕೆಲಸಕ್ಕೆ ಬರುವುದು.

ಬಿಚ್ಚಿ ಕಟ್ಟಿದ ಮಹಾಮಂದಿರ

ಬಿಚ್ಚಿದ ಗಾಜಿನ ಮನೆಯನ್ನು ಬೇರೆಡೆಯಲ್ಲಿ ಮತ್ತೆ ಕಟ್ಟುವುದು ಬಡವರ ಉಪಾಯವೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಲೋಕಪ್ರಸಿದ್ಧವಾದ ಗಾಜಿನ ಮನೆಗೇ ಈ ಯೋಗ ಒದಗಿತ್ತು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರಲ್ಲಿ ನಡೆದ ಮಹಾಪ್ರದರ್ಶನಕ್ಕೆಂದು ‘ಕ್ರಿಸ್ಟಲ್ ಪ್ಯಾಲೇಸ್’ ಎಂಬ ಸ್ಫಟಿಕ ಮಂದಿರವನ್ನು ಕಟ್ಟಿದರು. ಅದನ್ನು ಯೋಜಿಸಿದಾತನು ಜೋಸೆಫ್ ಪ್ಯಾಕ್ಸ್‌ಟನ್. ವೃತ್ತಿಯಿಂದ ಆತನು ಚಾಟ್ಸ್‌ವರ್ತಿನ ಪ್ರಭುಗಳಲ್ಲಿ ತೋಟಗಾರನಾಗಿದ್ದವನು. ಪ್ರದರ್ಶನ ಮುಗಿದ ಮೇಲೆ ಆ ಮಂದಿರವನ್ನು ಬಿಡಿಬಿಡಿಯಾಗಿ ಕಳಚಿ, ಸಿಡನ್‌ಹ್ಯಾಮ್ ಎಂಬಲ್ಲಿಗೆ ಸಾಗಿಸಿ, ಮೊದಲಿಗಿಂತಲೂ ದೊಡ್ಡದಾಗಿ ಕಟ್ಟಿ 1854ರಲ್ಲಿ ತೆರೆದರು. 1936ರ ನವೆಂಬರ್ 30ರಂದು ಬೆಂಕಿಗೆ ಆಹುತಿಯಾಗುವವರೆಗೂ ಅದು ಅಲ್ಲಿ ನಿಂತಿತ್ತು.

ಅಷ್ಟು ದೊಡ್ಡ ಕಟ್ಟಡವನ್ನು ಕಳಚಿ ಜೋಡಿಸುವುದು ಹೇಗೆ ಸಾಧ್ಯವಾಯಿತು? ಆ ಮನೆಯ ಮಾಡಿಗೆ ಹೊದಿಸಿದ ಗಾಜಿನ ಹಲಗೆಗಳು ಒಂದೇ ಅಳತೆಯವು: 49 ಅಂಗುಲ ಉದ್ದ, 10 ಅಂಗುಲ ಅಗಲ. ಕಂಬಗಳೂ ತೊಲೆಗಳೂ ಆ ಹಲಗೆಯ ಲೆಕ್ಕವನ್ನು ಅನುಸರಿಸಿಯೇ ಸಿದ್ಧವಾದುವು. ಯಾವ ಹಲಗೆ ಎಲ್ಲಿಗೂ ಹೊಂದುತ್ತಿತ್ತು. ಹಳೆಯ ಗಾಜಿನಿಂದ ಮನೆ ಕಟ್ಟುವವರು ಪ್ಯಾಕ್ಸ್‌ಟನ್ನನಿಂದ ಕಲಿಯಬೇಕಾದ ಪಾಠವಿದು. ಮೊದಲು ಮನೆಯ ಅಳತೆಯನ್ನು ಗೊತ್ತುಮಾಡಿ ಆಮೇಲೆ ಗಾಜನ್ನು ಅರಸಿದರೆ ಹಣ ಪೋಲು. ದೊರೆತ ಗಾಜನ್ನು ಮೊದಲು ಅಳೆದು, ಅದಕ್ಕೆ ಹೊಂದುವಂತೆ ಮನೆಯನ್ನು ಯೋಜಿಸಿದರೆ ಉಳಿತಾಯ.

ನಮ್ಮ ನಾಡಿನಲ್ಲಿಯೂ ಇಂತಹ ಕಟ್ಟಡಗಳು ಬಿಡಿಭಾಗಗಳಾಗಿಯೇ ಬಂದುವು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಸ್ತಿಭಾರವನ್ನಿಟ್ಟನು. ಆಗ ಉದ್ಯಾನದ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮರನ್. ಅದರ ಎರಕದ ಕಬ್ಬಿಣವನ್ನು ಗ್ಲಾಸ್ಗೋ ನಗರದ ಸಾರಸೆನ್ ಎರಕದ ಕಾರ್ಖಾನೆಯಿಂದ ತರಿಸಲಾಯಿತು. ಮುಂದೆ 1935ರಲ್ಲಿ ಎಚ್. ಸಿ. ಜವರಾಯರ ಕಾಲದಲ್ಲಿ ಪೂರ್ವದ ರೆಕ್ಕೆಯನ್ನು ಸೇರಿಸಿದಾಗ ಕಬ್ಬಿಣಕ್ಕಾಗಿ ಕಡಲು ದಾಟಬೇಕಾಗಲಿಲ್ಲ. ಭದ್ರಾವತಿಯ ಕಾರ್ಖಾನೆಯೇ ಅದನ್ನು ಒದಗಿಸಿತು. ಭದ್ರಾವತಿಯ ಕುಲುಮೆಗಳಿಗೆ ಅದಿರನ್ನಿತ್ತುದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ. ಗಾಜಿನ ಮನೆಯೆಂಬುದು ಈ ಸೀಮೆಗೆ ತೀರ ಪರಕೀಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊಳ್ಳುವ ಮುನ್ನ

ಹಳೆಯ ಸಾಮಗ್ರಿಯ ಅಗ್ಗದ ಬೆಲೆಗೆ ಮರುಳಾಗಿ ಕೊಂಡುಬಿಡುವುದು ಸುಲಭ. ಮೊದಲು ನೋಡಬೇಕಾದುದು ಚೌಕಟ್ಟನ್ನು, ಗಾಜನ್ನಲ್ಲ. ಮರದ ಚೌಕಟ್ಟಾದರೆ ಚೂಪಾದ ಚಾಕುವಿನ ಮೊನೆಯಿಂದ ಕೆಳಗಿನ ಪಟ್ಟಿಯನ್ನೂ ಮೂಲೆಯ ಕೂಡುಗಳನ್ನೂ ಚುಚ್ಚಿ ನೋಡಬೇಕು. ನೀರು ನಿಲ್ಲುವುದೂ ಗೆದ್ದಲು ಹತ್ತುವುದೂ ಅಲ್ಲಿಯೇ. ತೇಗ, ಹೊನ್ನೆ, ಹಲಸುಗಳ ಹಳೆಯ ಮರ ಮೇಲೆ ಬಣ್ಣಗೆಟ್ಟಿದ್ದರೂ ಒಳಗೆ ಗಟ್ಟಿಯಾಗಿರುವುದುಂಟು, ಅಂತಹದನ್ನು ಬಿಡಬಾರದು. ಕಬ್ಬಿಣದಲ್ಲಿ ಮೇಲ್ಮೈಯ ತುಕ್ಕಿಗೆ ಅಂಜಬೇಕಾಗಿಲ್ಲ. ಪದರಪದರವಾಗಿ ಏಳುವ ತುಕ್ಕಾದರೆ ಅದು ಒಳಗನ್ನೇ ತಿಂದಿದೆಯೆಂದು ತಿಳಿಯಬೇಕು. ಅಲ್ಯೂಮಿನಿಯಂ ಕೊಳೆಯುವುದಿಲ್ಲ, ಆದರೆ ಒಮ್ಮೆ ಬಾಗಿದ ಪಟ್ಟಿಯನ್ನು ನೇರಮಾಡುವುದು ಕಷ್ಟ.

ಆಮೇಲೆ ಗಾಜಿನ ಲೆಕ್ಕ. ಒಂದೇ ಅಳತೆಯ ಹಲಗೆಗಳು ಎಷ್ಟಿವೆಯೆಂದು ಎಣಿಸಬೇಕು. ಹತ್ತು ಅಳತೆಯ ನಲವತ್ತು ಹಲಗೆಗಳಿಗಿಂತ ಒಂದೇ ಅಳತೆಯ ಇಪ್ಪತ್ತೈದು ಹಲಗೆಗಳು ಹೆಚ್ಚು ಬೆಲೆಬಾಳುವುವು. ಹಳೆಯ ಗಾಜನ್ನು ಕೊಯ್ಯುವುದು ಹೊಸ ಗಾಜಿನಷ್ಟು ಸುಲಭವಲ್ಲ. ಬಿಸಿಲು ಮಳೆಗಳಿಗೆ ಒಡ್ಡಿದ ಗಾಜು ಗೆರೆಯನ್ನು ಬಿಟ್ಟು ಅಡ್ಡಕ್ಕೆ ಸೀಳುವುದು ಹೆಚ್ಚು. ಕೊಯ್ಯಲೇಬೇಕಾದರೆ ಚೆನ್ನಾಗಿ ತೊಳೆದು ಒಣಗಿಸಿ, ಕೊಯ್ಯುವ ಚಕ್ರಕ್ಕೆ ಸೀಮೆಎಣ್ಣೆ ಸವರಿ, ಒಂದೇ ಎಳೆತದಲ್ಲಿ ಗೆರೆ ಹಾಕಿ ಮುರಿಯಬೇಕು. ಕಚೇರಿಯ ಬಾಗಿಲುಗಳಿಂದ ಬಂದ ಹದವೇರಿಸಿದ ಗಾಜನ್ನು, ಅಂದರೆ ‘ಟಫನ್ಡ್’ ಗಾಜನ್ನು, ಕೊಯ್ಯಲಾಗದು; ಮುಟ್ಟಿದೊಡನೆ ಅದು ಪುಡಿಪುಡಿಯಾಗುವುದು. ಅದನ್ನು ಇದ್ದ ಅಳತೆಯಲ್ಲಿಯೇ ಬಳಸಬೇಕು.

ಬಿಚ್ಚುವ ಕ್ರಮ

ನಿಂತಿರುವ ಹಳೆಯ ಗಾಜಿನ ಮನೆಯೇ ದೊರೆತರೆ, ಕಳಚುವ ಮುನ್ನ ನಾಲ್ಕು ಕಡೆಯಿಂದಲೂ ಭಾವಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿಯೊಂದು ಪಟ್ಟಿಗೂ ಅಂಕೆ ಬರೆಯಬೇಕು. ಕಾಗದದ ಮೇಲೆ ನಕ್ಷೆಯೊಂದನ್ನು ಬರೆದು ಅವೇ ಅಂಕೆಗಳನ್ನು ಗುರುತಿಸಬೇಕು. ಗಾಜನ್ನು ಮೇಲಿನಿಂದ ಕೆಳಕ್ಕೆ, ಮಾಡು ಮೊದಲು ಗೋಡೆ ಆಮೇಲೆ ಎಂಬ ಕ್ರಮದಲ್ಲಿ ತೆಗೆಯಬೇಕು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿ ಸೀಮೆಎಣ್ಣೆ ಬಿಟ್ಟಿದ್ದರೆ ಬೆಳಗ್ಗೆ ಸಲೀಸಾಗಿ ತಿರುಗುವುವು. ದಪ್ಪ ಕೈಚೀಲ, ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಪಾದರಕ್ಷೆ ಇಲ್ಲದೆ ಗಾಜನ್ನು ಮುಟ್ಟಬಾರದು. ಕೆಲಸ ನಡೆಯುವಲ್ಲಿಗೆ ಮಕ್ಕಳನ್ನು ಬಿಡಲೇಬಾರದು. ತೆಗೆದ ಹಲಗೆಗಳನ್ನು ನೆಲಕ್ಕೆ ಮಲಗಿಸಿ ಒಟ್ಟಿದರೆ ಅಡಿಯವು ಸೀಳುವುವು. ಎರಡು ಮರದ ತುಂಡುಗಳ ಮೇಲೆ ಅಂಚೂರಿ ನಿಲ್ಲಿಸಿ, ಗೋಡೆಗೆ ಸ್ವಲ್ಪ ಒರಗಿಸಿಡಬೇಕು.

ಹಳೆಯ ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶವನ್ನು ಮಿತಗೊಳಿಸುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಅದಕ್ಕೆ ಮುಂಚಿನ ಬಣ್ಣದಲ್ಲಿ ಸೀಸವಿರಬಹುದು. ಅದರ ಧೂಳು ಎಳೆಯ ಮಕ್ಕಳ ಮಿದುಳಿಗೆ ಹಾನಿಕರ. ಆದುದರಿಂದ ಹಳೆಯ ಚೌಕಟ್ಟನ್ನು ಒಣ ಉಪ್ಪುಕಾಗದದಿಂದ ತಿಕ್ಕದೆ, ನೀರು ಹಚ್ಚಿ ತಿಕ್ಕಬೇಕು. ಕೆರೆದ ಬಣ್ಣವನ್ನು ಹಳೆಯ ಬಟ್ಟೆಯ ಮೇಲೆ ಹಿಡಿದು ಕಟ್ಟಿಡಬೇಕು. ತೋಟದ ಮಣ್ಣಿಗಾಗಲಿ ಒಲೆಗಾಗಲಿ ಹಾಕಕೂಡದು.

ಮೂಲೆ ಸರಿಯಾದರೆ ಗಾಜು ಉಳಿದೀತು

ಉದಾಹರಣೆಗೆ 8 ಅಡಿ ಉದ್ದ, 6 ಅಡಿ ಅಗಲದ ಮನೆಯನ್ನು ತೆಗೆದುಕೊಳ್ಳೋಣ. ಈ ಅಳತೆಯಲ್ಲೊಂದು ಅನುಕೂಲವಿದೆ. ಮೂಲೆಯಿಂದ ಮೂಲೆಗೆ ಹಿಡಿದ ದಾರ ಎರಡು ಕಡೆಯಿಂದಲೂ ಸರಿಯಾಗಿ 10 ಅಡಿ ಬಂದರೆ ನಾಲ್ಕು ಮೂಲೆಗಳೂ ನೇರವೆಂದು ತಿಳಿಯಬಹುದು. ಬೇರೆ ಯಂತ್ರ ಬೇಡ. ಬುನಾದಿಯ ಮಟ್ಟವನ್ನು ರಸಮಟ್ಟದಿಂದ ನೋಡಬೇಕು. ಚೌಕಟ್ಟು ಅರ್ಧ ಅಂಗುಲ ಓರೆಯಾದರೂ ಗಾಜಿನ ಒಂದು ಮೂಲೆಗೆ ಭಾರ ಬೀಳುವುದು. ಕಟ್ಟಿದ ದಿನ ಏನೂ ತೋರದು. ಮೊದಲ ಗಾಳಿಯ ದಿನ ಒಂದೊಂದೇ ಹಲಗೆ ಸೀಳತೊಡಗುವುದು. ಗಾಜು ಕಳಪೆಯೆಂದು ಅಂಗಡಿಯವನನ್ನು ದೂರುವವರಲ್ಲಿ ಅನೇಕರ ದೋಷ ಬುನಾದಿಯಲ್ಲಿರುತ್ತದೆ.

ನೆಲ ಕಪ್ಪುಮಣ್ಣಿನದಾದರೆ ಇನ್ನಷ್ಟು ಜಾಗ್ರತೆ ಬೇಕು. ಆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅಲ್ಲಿ ಬುನಾದಿಯನ್ನು ಆಳಕ್ಕೆ ತೋಡಿ, ಮೊರಮ್ಮು ತುಂಬಿ ಗಟ್ಟಿಸಿ, ಅದರ ಮೇಲೆ ಸೈಜುಗಲ್ಲಿನ ಒಂದೆರಡು ವರಸೆ ಕಟ್ಟುವುದು ಮೇಲು. ಚೌಕಟ್ಟನ್ನು ಬುನಾದಿಗೆ ಬೋಲ್ಟುಗಳಿಂದ ಬಿಗಿಯಬೇಕು. ಮುಂಗಾರಿನ ಮೊದಲು ಬೀಸುವ ಬಿರುಗಾಳಿಗೆ ಹಗುರವಾದ ಮನೆ ಕೊಡೆಯಂತೆ ಮೇಲೇಳುವುದುಂಟು.

ದಿಕ್ಕಿನ ಬಗೆಗೆ ಪಾಶ್ಚಾತ್ಯರ ಪುಸ್ತಕಗಳನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಗಾಜಿನ ಮೈ ದಕ್ಷಿಣಕ್ಕಿರಲೆಂದು ಅವರು ಹೇಳುವುದು ತಮ್ಮ ಚಳಿನಾಡಿನ ಇಳಿಬಿಸಿಲಿಗಾಗಿ. ನಮ್ಮಲ್ಲಿ ಏಪ್ರಿಲಿನ ಕೊನೆಯಿಂದ ಆಗಸ್ಟಿನ ನಡುವಿನವರೆಗೆ ನಡುಹಗಲ ಸೂರ್ಯನು ನೆತ್ತಿಗಿಂತ ಉತ್ತರಕ್ಕೇ ಇರುವನು. ಮುಂಗಾರಿನ ಗಾಳಿ ಪಡುವಣದಿಂದ ಬರುವುದರಿಂದ ಬಾಗಿಲನ್ನು ಮೂಡಣಕ್ಕಿಡುವುದು ಒಳ್ಳೆಯದು. ಸಂಜೆಯ ಬಿಸಿಲಿಗೆ ಮರೆಯಾಗಿ ಪಡುವಣದಲ್ಲಿ ಮರವೊಂದಿದ್ದರೆ ಲಾಭವೇ. ಆದರೆ ಕೊಂಬೆಗಳೂ ತೆಂಗಿನ ಗರಿಗಳೂ ಬೀಳುವಷ್ಟು ಹತ್ತಿರದಲ್ಲಿರಬಾರದು.

ಗಾಜಿಗೆ ಉಸಿರಾಡಲು ಜಾಗ

ಗಾಜು ಕೂರಿಸುವ ಕೆಲಸದ ಗುಟ್ಟು ನಮ್ಮ ಗಾಡಿ ಮಾಡುವವರಿಗೆ ಹಿಂದಿನಿಂದಲೂ ತಿಳಿದದ್ದು. ಅಂತರಘಟ್ಟಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುವುದನ್ನು ವಾಚಕರು ಬಲ್ಲರು. ಮರದ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ತೊಡಿಸುವಾಗ ಅದನ್ನು ಕೆಂಪಗೆ ಕಾಯಿಸುತ್ತಾರೆ. ಕಾದ ಪಟ್ಟೆ ಹಿಗ್ಗಿ ಗಾಲಿಗೆ ಸಲೀಸಾಗಿ ಇಳಿಯುತ್ತದೆ. ನೀರು ಹೊಯ್ದೊಡನೆ ಕುಗ್ಗಿ ಬಿಗಿಯುತ್ತದೆ. ಗಾಜಿನ ಮನೆಯ ಚೌಕಟ್ಟಿನಲ್ಲಿಯೂ ದಿನದಿನವೂ ಇದೇ ನಡೆಯುವುದು. 2 ಮೀಟರು ಉದ್ದದ ಅಲ್ಯೂಮಿನಿಯಂ ಪಟ್ಟಿ ಇರುಳಿನ ತಂಪಿನಿಂದ ನಡುಹಗಲಿನ ಬಿಸಿಗೆ 35 ಡಿಗ್ರಿ ಏರಿದರೆ ಸುಮಾರು ಒಂದೂವರೆ ಮಿಲಿಮೀಟರು ಹಿಗ್ಗುತ್ತದೆ; ಅಷ್ಟೇ ಉದ್ದದ ಗಾಜು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಇಬ್ಬರ ನಡೆ ಬೇರೆಬೇರೆಯಾದುದರಿಂದ ನಡುವೆ ಜಾಗವಿರಬೇಕು. ಗಾಜು ತಾನು ಕೂರುವ ತೋಡಿಗಿಂತ ಉದ್ದಕ್ಕೂ ಅಗಲಕ್ಕೂ 3 ಮಿಲಿಮೀಟರು ಚಿಕ್ಕದಾಗಿರತಕ್ಕದ್ದು. ಬಿಗಿಯಾಗಿ ಕೂತ ಗಾಜು ನೋಡಲು ಚೆನ್ನ. ಬಾಳುವುದು ಸಡಿಲವಾಗಿ ಕೂತದ್ದು.

ಮೊದಲು ಚೌಕಟ್ಟಿಗೆ ಬಣ್ಣ, ಆಮೇಲೆ ಗಾಜು. ಕಬ್ಬಿಣವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಎರಡು ಸಲ ಬಿಳಿಯ ಬಣ್ಣ ಕೊಡಬೇಕು. ಬಿಳುಪು ಒಳಗಿನ ಬೆಳಕನ್ನು ಹೆಚ್ಚಿಸುವುದು. ಮರಕ್ಕೆ ಗೆದ್ದಲು ಹತ್ತದಿರಲೆಂದು ಡಾಂಬರು ಬಳಿಯುವ ವಾಡಿಕೆ ಇಲ್ಲಿ ಸಲ್ಲದು. ಕಾದ ಡಾಂಬರಿನ ಆವಿಗೆ ಎಳೆಯ ಎಲೆಗಳು ಸುಟ್ಟುಹೋಗುವುವು. ಮರದ ಚೌಕಟ್ಟಿಗೆ ಅಗಸೆ ಎಣ್ಣೆ, ಸೀಮೆಸುಣ್ಣದ ಪುಡಿಗಳನ್ನು ನಾದಿ ಮಾಡಿದ ಪುಟ್ಟಿ ಇಂದಿಗೂ ಅಗ್ಗವಾದ ಒಳ್ಳೆಯ ಸಾಧನ. ತೋಡಿನಲ್ಲಿ ಪುಟ್ಟಿಯ ಹಾಸನ್ನಿಟ್ಟು, ಗಾಜನ್ನು ಮೆಲ್ಲನೆ ಅಂಚುಗಳಲ್ಲಿ ಒತ್ತಿ, ಸಣ್ಣ ಹಿತ್ತಾಳೆಯ ಮೊಳೆಗಳಿಂದ ತಡೆಯಬೇಕು. ಗಾಜಿನ ನಡುವೆ ಒತ್ತಕೂಡದು. ಕಬ್ಬಿಣಕ್ಕೆ ಸಿಲಿಕೋನನ್ನು ಬಳಸುವವರು ಹುಳಿಯ ವಾಸನೆ ಬರುವ ಬಗೆಯನ್ನು ಬಿಟ್ಟು ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೇಳಿ ಕೊಳ್ಳಬೇಕು. ಹುಳಿಯದು ಕಬ್ಬಿಣವನ್ನು ತಿನ್ನುತ್ತದೆ. ಹಲಗೆಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸುವಲ್ಲಿ ಕೆಳಗಿನಿಂದ ಆರಂಭಿಸಿ, ಹಂಚು ಹೊದಿಸಿದಂತೆ, ಮೇಲಿನದು ಕೆಳಗಿನದರ ಮೇಲೆ ಅರ್ಧ ಅಂಗುಲದಷ್ಟು ಮಾತ್ರ ಬರಲಿ. ಹೆಚ್ಚಾದರೆ ನಡುವೆ ಪಾಚಿ ಕಟ್ಟುವುದು.

ಮಾಡಿಗೆ ಗಾಜು ಬೇಕೆ?

ಇಲ್ಲಿ ನಿರ್ಧಾರದಿಂದ ಹೇಳಬೇಕಾದ ಮಾತೊಂದಿದೆ. ಮನೆಯ ಹೆಂಗಸರೂ ಮಕ್ಕಳೂ ಓಡಾಡುವ ಗಾಜಿನ ಮನೆಯ ಮಾಡಿಗೆ ಹಳೆಯ ಸಾದಾ ಗಾಜನ್ನು ಹೊದಿಸಬಾರದು. 4 ಮಿಲಿಮೀಟರು ದಪ್ಪದ ಗಾಜು ಚದರ ಮೀಟರಿಗೆ 10 ಕಿಲೋಗ್ರಾಂ ತೂಗುತ್ತದೆ; ನಮ್ಮ 8 ಅಡಿ, 6 ಅಡಿಯ ಮನೆಗೆ 30 ಡಿಗ್ರಿ ಇಳಿಜಾರಿನ ಮಾಡೆಂದರೆ ಸುಮಾರು 50 ಕಿಲೋಗ್ರಾಂ ಗಾಜು ತಲೆಯ ಮೇಲೆ ತೂಗಿದಂತೆ. ಸಾದಾ ಗಾಜು ಒಡೆದರೆ ಕತ್ತಿಯಂತಹ ಚೂರುಗಳಾಗಿ ಬೀಳುವುದು. ಒಂದು ಕಾಯಿ ಬಿದ್ದರೆ, ಒಂದು ಕೋತಿ ಹಾರಿದರೆ ಸಾಕು. ಅದೇ ಮಾಡಿಗೆ ಬಿಸಿಲು ತಾಳುವಂತೆ ಸಂಸ್ಕರಿಸಿದ 200 ಮೈಕ್ರಾನಿನ ಪಾಲಿಥೀನ್ ಹೊದಿಸಿದರೆ ಅದರ ತೂಕ ಒಂದು ಕಿಲೋಗ್ರಾಮಿನಷ್ಟು. ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಿಸಬೇಕಾಗುವುದು ನಿಜ. ಸ್ವಲ್ಪ ಹೆಚ್ಚು ಖರ್ಚುಮಾಡಬಲ್ಲವರು ಎರಡು ಪದರದ ಪಾಲಿಕಾರ್ಬನೇಟ್ ಹಲಗೆಯನ್ನು ಹಾಕಬಹುದು. ಅದರಲ್ಲಿ ಸೂರ್ಯನ ಕಡೆಗಿರಬೇಕಾದ ಮೈಯನ್ನು ಗುರುತುಮಾಡಿರುತ್ತಾರೆ. ಅದನ್ನು ತಿರುವುಮುರುವಾಗಿಸಿದರೆ ಬೇಗ ಹಳದಿಗಟ್ಟಿ ಬಿರುಸಾಗುವುದು. ಹಳೆಯ ಗಾಜೆಲ್ಲವೂ ಗೋಡೆಗಳಿಗೆ ಇರಲಿ. ಗೋಡೆಯಲ್ಲಿಯೂ ನೆಲದಿಂದ ಎರಡೂವರೆ ಅಡಿಯವರೆಗೆ ಇಟ್ಟಿಗೆಯನ್ನೋ ಹಲಗೆಯನ್ನೋ ಇಟ್ಟು ಅದರ ಮೇಲೆ ಗಾಜನ್ನು ಕೂರಿಸಿದರೆ ಓಡಾಡುವ ಮಗುವಿಗೂ ಕರುವಿಗೂ ಅಪಾಯವಿಲ್ಲ. ಗಾಜಿನ ಖರ್ಚೂ ಇಳಿಯುವುದು.

ಬಿಸಿಗೆ ದಾರಿ

ಗಾಜಿನ ಮನೆ ಏಕೆ ಕಾಯುತ್ತದೆ? ಒಳಗೆ ಬಂದ ಬೆಳಕು ಶಾಖವಾಗಿ ಮಾರ್ಪಟ್ಟು ಗಾಜನ್ನು ದಾಟಿ ಹೊರಹೋಗಲಾರದೆಂಬ ವಿವರಣೆ ಪ್ರಸಿದ್ಧವಾದುದು. 1909ರಲ್ಲಿ ಆರ್. ಡಬ್ಲ್ಯು. ವುಡ್ ಎಂಬ ಅಮೆರಿಕದ ವಿಜ್ಞಾನಿ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು ಪರೀಕ್ಷಿಸಿದನು. ಒಂದಕ್ಕೆ ಗಾಜಿನ ಮುಚ್ಚಳ. ಇನ್ನೊಂದಕ್ಕೆ ಶಾಖದ ಕಿರಣಗಳನ್ನು ಹೊರಬಿಡಬಲ್ಲ ಕಲ್ಲುಪ್ಪಿನ ಮುಚ್ಚಳ. ಎರಡೂ ಹೆಚ್ಚುಕಡಮೆ ಒಂದೇ ಸಮನಾಗಿ ಕಾದುವು. ಬಿಸಿಗಾಳಿ ಮೇಲೆದ್ದು ಹೋಗಲು ದಾರಿಯಿಲ್ಲದಿರುವುದೇ ಮನೆ ಕಾಯುವುದಕ್ಕೆ ಮುಖ್ಯ ಕಾರಣವೆಂದು ಇದರಿಂದ ತಿಳಿಯಿತು. ಇದು ಗೃಹಸ್ಥರಿಗೆ ಉಪಯುಕ್ತವಾದ ತತ್ತ್ವ. ನೆತ್ತಿಯಲ್ಲಿ ಬಿಸಿಗಾಳಿಗೆ ಕಿಂಡಿಯಿಟ್ಟರೆ ಮನೆ ತಂಪಾಗುವುದು.

ನೆಲದ ವಿಸ್ತಾರದ ಐದನೆಯ ಒಂದು ಪಾಲಿನಷ್ಟು ಕಿಂಡಿ ಮಾಡಿನ ನೆತ್ತಿಯಲ್ಲಿರಬೇಕೆಂಬುದು ಚಳಿನಾಡಿನವರ ಲೆಕ್ಕ. 48 ಚದರಡಿಯ ನಮ್ಮ ಮನೆಗೆ ಸುಮಾರು 10 ಚದರಡಿಯಾಯಿತು. ನಮ್ಮ ಬಿಸಿಲಿಗೆ ಅಷ್ಟೇ ಸಾಲದು. ಗೋಡೆಯ ಬುಡದಲ್ಲಿಯೂ ಅಷ್ಟೇ ದೊಡ್ಡ ಕಿಂಡಿಗಳಿದ್ದರೆ ತಣ್ಣಗಾಳಿ ಕೆಳಗಿನಿಂದ ನುಗ್ಗಿ ಬಿಸಿಯನ್ನು ಮೇಲಕ್ಕೆ ದೂಡುವುದು. ಹಳೆಯ ಕಿಟಕಿಗಳು ತಮ್ಮ ತಿರುಗಣಿಗಳೊಡನೆ ದೊರೆತರೆ ಈ ಕೆಲಸಕ್ಕೆ ಅವೇ ಸಾಕು. ಒಳಗಿನಿಂದ ಜಾಲರಿ ಹೊಡೆದರೆ ಇಲಿ, ಹಾವುಗಳ ಭಯವಿಲ್ಲ.

ಮಾರ್ಚಿನಿಂದ ಮೇ ತಿಂಗಳವರೆಗೆ ಗಾಜಿಗೆ ತಿಳಿಸುಣ್ಣ ಬಳಿಯುವುದು ಹಳೆಯ ತೋಟಗಾರರ ಉಪಾಯ. ಬೇಸಗೆಯಲ್ಲೆಲ್ಲ ಅದು ನೆರಳನ್ನೀಯುವುದು. ಮುಂಗಾರು ಬಂದು ಮೋಡ ಕವಿಯುವ ಹೊತ್ತಿಗೆ ಮಳೆಯೇ ಅದನ್ನು ತೊಳೆದುಬಿಡುವುದು. ಮರ, ಬಣ್ಣ ಬಳಿದ ಕಬ್ಬಿಣಗಳ ಚೌಕಟ್ಟಿಗೆ ಇದು ಸರಿ. ಅಲ್ಯೂಮಿನಿಯಮ್ಮನ್ನು ಸುಣ್ಣ ತಿನ್ನುವುದರಿಂದ ಅಂತಹ ಮನೆಯವರು ನೆರಳುಬಲೆಯನ್ನು ಹೊರಗಡೆಯಿಂದ ಕಟ್ಟಬೇಕು. ಒಳಗಡೆ ಕಟ್ಟಿದ ಬಲೆ ಬಿಸಿಯನ್ನು ಒಳಕ್ಕೆ ತಂದ ಮೇಲೆ ತಡೆದಂತೆ, ಪ್ರಯೋಜನ ಅರ್ಧಕ್ಕರ್ಧ.

ಉಳಿತಾಯದ ಮರ್ಮ

ಇಷ್ಟನ್ನೂ ಕೂಡಿಸಿ ನೋಡಿದರೆ ಹಣದ ಮಾತು ಸ್ಪಷ್ಟವಾಗುವುದು. ಚೌಕಟ್ಟು, ಗಾಜು, ತಿರುಗಣಿ, ಬಾಗಿಲು, ಕಲ್ಲು, ಇಟ್ಟಿಗೆಗಳನ್ನು ಹಳೆಯವನ್ನೇ ತರಬಹುದು. ಮೊಳೆ, ಬೋಲ್ಟು, ಬಣ್ಣ, ಪುಟ್ಟಿ, ಮಾಡಿನ ಹೊದಿಕೆಗಳನ್ನು ಮಾತ್ರ ಹೊಸವನ್ನೇ ಕೊಳ್ಳಬೇಕು. ಬುನಾದಿಯಲ್ಲಿಯೂ ಗಾಳಿಕಿಂಡಿಯಲ್ಲಿಯೂ ಜಿಪುಣತನ ಸಲ್ಲದು. ಗಾಜಿನ ಅಂದಚೆಂದದಲ್ಲಿ ಎಷ್ಟು ಜಿಪುಣತನ ತೋರಿದರೂ ಸಸಿಗಳು ದೂರುವುದಿಲ್ಲ. ಗೀರು ಬಿದ್ದ ಗಾಜು, ಹಸುರು ಛಾಯೆಯ ಗಾಜು, ಹೂಬಿಡಿಸಿದ ಹಳೆಯ ಕಿಟಕಿಯ ಗಾಜು, ಎಲ್ಲವೂ ಬೆಳಕನ್ನು ಒಳಗೆ ಬಿಡುವುವು. ಕಪ್ಪು ಲೇಪದ ಕಚೇರಿಯ ಗಾಜು ಮಾತ್ರ ಬೇಡ. ಅದು ಸಸಿಗೆ ಬೇಕಾದ ಬೆಳಕನ್ನೇ ನುಂಗುವುದು.

ಕೆಲಸಕ್ಕೆ ತಕ್ಕ ಕಾಲ ಸುಗ್ಗಿ ಕಳೆದ ಮೇಲಿನ ಒಣ ದಿನಗಳು. ಬುನಾದಿಗೆ ಒಂದು ವಾರ, ಚೌಕಟ್ಟಿನ ಬಣ್ಣ ಒಣಗಲು ಒಂದು ವಾರ, ಗಾಜಿಗೆ ಎರಡು ಮೂರು ದಿನ ಎಂದಿಟ್ಟುಕೊಂಡು, ಪುಟ್ಟಿ ಗಟ್ಟಿಯಾಗುವವರೆಗೆ ಕಾದರೆ, ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ಮನೆ ಸಿದ್ಧವಾಗಿರುವುದು. ಮೊದಲ ಮಳೆಯ ದಿನ ಒಳಗೆ ನಿಂತು, ನೀರು ಎಲ್ಲಿ ತೊಟ್ಟಿಕ್ಕುವುದೆಂದು ಸೀಮೆಸುಣ್ಣದಿಂದ ಗುರುತಿಸಿಕೊಂಡು, ಬಿಸಿಲು ಬಂದ ಮೇಲೆ ಅಲ್ಲಲ್ಲಿ ಪುಟ್ಟಿ ತುಂಬಿದರೆ ಕೆಲಸ ಪೂರ್ತಿಯಾಯಿತು. ಆಮೇಲೆ ಹಿತ್ತಿಲಲ್ಲಿ ಮಳೆ ಎಷ್ಟೇ ಬಿರುಸಾಗಿ ಹೊಯ್ದರೂ ಬದನೆಯ ಸಸಿ, ಮೆಣಸಿನ ಬಳ್ಳಿ, ಗೃಹಿಣಿಯು ಅಕ್ಕರೆಯಿಂದ ಊರಿದ ಮಲ್ಲಿಗೆಯ ಕಡ್ಡಿ ತಮ್ಮ ಪಾಡಿಗೆ ತಾವು ಚಿಗುರುತ್ತಿರುವುವು.